ವಿಧಾನಸೌಧದಿಂದ ನಮ್ಮೂರ ನಲ್ಲಿಗೆ



ಈ ಪಾಠ ನೀರಿನದು. ದುಡ್ಡಿನದೂ ಹೌದು.

ನಾವು ದಿನಾ ನೀರು ತರುತ್ತೇವೆ. ಕೊಡ ಹೊರುತ್ತೇವೆ. ಸೊಂಟ ನೋಯುತ್ತದೆ. ನಲ್ಲಿ ಮುಂದೆ ಸಾಲು ನಿಲ್ಲುತ್ತೇವೆ. ನಮ್ಮ ಸರದಿ ಬರುವ ಹೊತ್ತಿಗೆ ನೀರು ನಿಂತುಹೋಗುತ್ತದೆ. ಆಗ ಯಾರನ್ನು ಬಯ್ಯುತ್ತೇವೆ? ನೀರು ಬಿಡುವ ನೀರುಗಂಟಿಯನ್ನು. ಅವನು "ನಂಗೇನು ಗೊತ್ತಮ್ಮ, ಪಂಚಾಯ್ತಿಲಿ ಕೇಳಿ" ಅಂತಾನೆ. ಪಂಚಾಯ್ತಿಗೆ ಹೋದರೆ "ಮೇಲಿಂದ ಅನುದಾನ ಬಂದಿಲ್ಲ" ಅಂತಾರೆ.

ಈ 'ಮೇಲೆ' ಅಂದರೆ ಎಲ್ಲಿ? ಅನುದಾನ ಅಂದರೆ ಏನು? ಕೊಡುವವರು ಯಾರು? ಇವತ್ತು ಅದನ್ನು ಓದೋಣ.

ಮನೆಯ ಲೆಕ್ಕ, ರಾಜ್ಯದ ಲೆಕ್ಕ

ಮನೆಯಲ್ಲಿ ನಾವೂ ಲೆಕ್ಕ ಹಾಕುತ್ತೇವೆ. ಕೂಲಿ ಇಷ್ಟು ಬರುತ್ತದೆ. ಹಾಲು ಮಾರಿದರೆ ಇಷ್ಟು ಬರುತ್ತದೆ. ಅದರಲ್ಲಿ ಅಂಗಡಿ ಸಾಮಾನಿಗೆ ಇಷ್ಟು, ಮಕ್ಕಳ ಪುಸ್ತಕಕ್ಕೆ ಇಷ್ಟು, ಸಂಘದ ಕಂತಿಗೆ ಇಷ್ಟು. ಕೆಲವರು ಬೆರಳಲ್ಲಿ ಎಣಿಸುತ್ತಾರೆ. ಈಗ ನೀವು ಅಕ್ಷರ ಕಲಿತಿದ್ದೀರಿ. ಪುಸ್ತಕದಲ್ಲಿ ಬರೆದಿಡಬಹುದು.

ಸರ್ಕಾರವೂ ಹೀಗೇ ಮಾಡುತ್ತದೆ. ಮುಂದಿನ ವರ್ಷ ಎಷ್ಟು ಹಣ ಬರಬಹುದು, ಯಾವುದಕ್ಕೆ ಎಷ್ಟು ಖರ್ಚು ಮಾಡಬೇಕು ಎಂದು ಮೊದಲೇ ಬರೆಯುತ್ತದೆ. ಅದಕ್ಕೆ ಆಯವ್ಯಯ ಪತ್ರ ಎಂದು ಹೆಸರು. ಆಯ ಎಂದರೆ ಬರುವುದು. ವ್ಯಯ ಎಂದರೆ ಹೋಗುವುದು. ಮುಂಗಡ ಪತ್ರ ಎಂದೂ ಹೇಳುತ್ತಾರೆ. ಎಲ್ಲರ ಬಾಯಲ್ಲಿ ಇರುವ ಮಾತು ಬಜೆಟ್.

ನಮ್ಮ ವರ್ಷ ಯುಗಾದಿಗೆ ಶುರು. ಸರ್ಕಾರದ ಲೆಕ್ಕದ ವರ್ಷ ಏಪ್ರಿಲ್ 1ಕ್ಕೆ ಶುರು. ಮಾರ್ಚ್ 31ಕ್ಕೆ ಮುಗಿಯಿತು.

2025ರ ಮಾರ್ಚ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು 2025-26ನೇ ಸಾಲಿನ ಬಜೆಟ್ ಮಂಡಿಸಿದರು. ಅದರ ಒಟ್ಟು ಮೊತ್ತ 4,09,549 ಕೋಟಿ ರೂಪಾಯಿ. ಈ ಸಂಖ್ಯೆಯನ್ನು ನಿಧಾನವಾಗಿ ಓದಿ. ನಾಲ್ಕು ಲಕ್ಷದ ಒಂಬತ್ತು ಸಾವಿರದ ಐನೂರ ನಲವತ್ತೊಂಬತ್ತು ಕೋಟಿ. ಒಂದು ಕೋಟಿ ಎಂದರೆ 1ರ ಮುಂದೆ 7 ಸೊನ್ನೆ. ಅಂಥ ಕೋಟಿಗಳು ನಾಲ್ಕು ಲಕ್ಷಕ್ಕೂ ಹೆಚ್ಚು!

ಇದು ಯಾರ ದುಡ್ಡು? ಸ್ವಲ್ಪ ಭಾಗ ಸಾಲ. ಸ್ವಲ್ಪ ಭಾಗ ಕೇಂದ್ರ ಸರ್ಕಾರದಿಂದ ಬರುವುದು. ಉಳಿದದ್ದು ರಾಜ್ಯದ ಜನ ಕಟ್ಟುವ ತೆರಿಗೆ. "ನಾನೆಲ್ಲಿ ತೆರಿಗೆ ಕಟ್ಟಿದೆ?" ಅನ್ನಬೇಡಿ. ಸೋಪು ಕೊಂಡರೆ ಅದರ ಬೆಲೆಯಲ್ಲಿ ತೆರಿಗೆ ಸೇರಿರುತ್ತದೆ. ಟೀ ಪುಡಿ ಕೊಂಡರೂ ಅಷ್ಟೇ. ಜಮೀನು ರಿಜಿಸ್ಟರ್ ಮಾಡಿಸಿದರೆ ಶುಲ್ಕ. ಮದ್ಯದ ಮೇಲಿನ ಸುಂಕವೂ ದೊಡ್ಡ ಮೊತ್ತ. ಅದು ಯಾರ ಮನೆಯಿಂದ ಹೋದ ದುಡ್ಡು ಅಂತ ನಿಮಗೆ ನಾವು ಹೇಳಬೇಕಾಗಿಲ್ಲ.

ಕಾನೂನು ಇಲ್ಲದೆ ಕಾಸಿಲ್ಲ

ಈ ಹಣವೆಲ್ಲ ಒಂದು ದೊಡ್ಡ ಪೆಟ್ಟಿಗೆಗೆ ಬೀಳುತ್ತದೆ ಅಂದುಕೊಳ್ಳಿ. ದೇವಸ್ಥಾನದ ಹುಂಡಿ ಇದ್ದಹಾಗೆ. ಅದರ ಹೆಸರು ಸಂಚಿತ ನಿಧಿ. ಹುಂಡಿಯನ್ನು ಪೂಜಾರಿ ಒಬ್ಬನೇ ಒಡೆಯುವ ಹಾಗಿಲ್ಲ. ಹತ್ತು ಜನರ ಮುಂದೆ ಒಡೆಯಬೇಕು. ಇದೂ ಹಾಗೇ. ಮುಖ್ಯಮಂತ್ರಿ ಕೂಡ ತಾವಾಗಿ ಇದರಿಂದ ಹಣ ತೆಗೆಯುವಂತಿಲ್ಲ. ಮೊದಲು ಕಾನೂನು ಆಗಬೇಕು. ಇದು ನಮ್ಮ ಸಂವಿಧಾನದ ನಿಯಮ.

ಕಾನೂನು ಹೇಗೆ ಆಗುತ್ತದೆ? ಬೆಂಗಳೂರಿನ ವಿಧಾನಸೌಧದಲ್ಲಿ ವಿಧಾನಸಭೆ ಇದೆ. ಅಲ್ಲಿ 224 ಶಾಸಕರು. ಅವರಲ್ಲಿ ಒಬ್ಬರು ನಿಮ್ಮ ಕ್ಷೇತ್ರದವರು. ನಿಮ್ಮ ಓಟಿನಿಂದ ಹೋದವರು. ಮೊದಲು ಬಜೆಟ್ ಭಾಷಣ ಆಗುತ್ತದೆ. ಆಮೇಲೆ ಒಂದೊಂದು ಇಲಾಖೆಯೂ "ನಮಗೆ ಇಷ್ಟು ಹಣ ಬೇಕು" ಎಂದು ಕೇಳುತ್ತದೆ. ಇದಕ್ಕೆ ಬೇಡಿಕೆ ಎನ್ನುತ್ತಾರೆ. ಕುಡಿಯುವ ನೀರಿಗೆ ಗ್ರಾಮೀಣಾಭಿವೃದ್ಧಿ ಇಲಾಖೆ ಕೇಳುತ್ತದೆ. ಕೆರೆಗಳಿಗೆ ಸಣ್ಣ ನೀರಾವರಿ ಇಲಾಖೆ ಕೇಳುತ್ತದೆ. ಕಾಡಿಗೆ, ಗಿಡ ನೆಡಲು ಅರಣ್ಯ ಇಲಾಖೆ ಕೇಳುತ್ತದೆ. ಶಾಸಕರು ಚರ್ಚೆ ಮಾಡುತ್ತಾರೆ. ಬೇಡಿಕೆಯನ್ನು ಒಪ್ಪಬಹುದು. ಕಡಿಮೆ ಮಾಡಿ ಎನ್ನಬಹುದು. ಬೇಡ ಎನ್ನಲೂಬಹುದು.

ಒಪ್ಪಿದ್ದನ್ನೆಲ್ಲ ಸೇರಿಸಿ ಒಂದು ಮಸೂದೆ ಮಾಡುತ್ತಾರೆ. ಅದರ ಹೆಸರು ಧನವಿನಿಯೋಗ ವಿಧೇಯಕ. ಹೆಸರು ಉದ್ದ, ಅರ್ಥ ಸಣ್ಣದು: ಹಣ ತೆಗೆಯಲು ಅಪ್ಪಣೆ. ವಿಧಾನ ಪರಿಷತ್ತಿನಲ್ಲಿ 75 ಸದಸ್ಯರಿದ್ದಾರೆ. ಅವರು ಈ ಮಸೂದೆಗೆ ಸಲಹೆ ಕೊಡಬಹುದು, ಅದೂ 14 ದಿನದೊಳಗೆ. ತಡೆಯಲು ಆಗುವುದಿಲ್ಲ. ಕೊನೆಗೆ ರಾಜ್ಯಪಾಲರು ಸಹಿ ಹಾಕುತ್ತಾರೆ. ಆಗ ಅದು ಕಾನೂನು. ಪೆಟ್ಟಿಗೆಯ ಬೀಗ ತೆರೆಯಿತು.

ಆದರೆ ಒಂದು ಮಾತು ನೆನಪಿಡಿ. ಬೀಗ ತೆರೆದ ಮಾತ್ರಕ್ಕೆ ದುಡ್ಡು ನಮ್ಮೂರಿಗೆ ಬಂದಿರುವುದಿಲ್ಲ. ಟಿ.ವಿ.ಯಲ್ಲಿ "ನೀರಿಗೆ ಇಷ್ಟು ಕೋಟಿ" ಅಂತ ಹೇಳುತ್ತಾರೆ. ಅದು ಘೋಷಣೆ. ಆಮೇಲೆ ಆದೇಶ ಆಗಬೇಕು. ಹಣ ಕಂತು ಕಂತಾಗಿ ಬಿಡುಗಡೆ ಆಗಬೇಕು. ಟೆಂಡರ್ ಆಗಬೇಕು. ಕೆಲಸ ಆಗಬೇಕು. ಎಲ್ಲಾದರೂ ಒಂದು ಕಡೆ ನಿಂತರೆ ಅಲ್ಲಿಗೇ ನಿಂತಿತು. ಮಾರ್ಚ್ 31ರೊಳಗೆ ಖರ್ಚಾಗದ ಹಣಕ್ಕೆ ಆ ವರ್ಷದ ಅಪ್ಪಣೆ ಮುಗಿದುಹೋಗುತ್ತದೆ. ಅದಕ್ಕೇ ನೋಡಿ, ವರ್ಷವೆಲ್ಲ ಸುಮ್ಮನಿದ್ದ ಕೆಲಸ ಮಾರ್ಚಿಯಲ್ಲಿ ಓಡೋಡಿ ನಡೆಯುತ್ತದೆ. ಓಡೋಡಿ ಹಾಕಿದ ಪೈಪು ಹೇಗಿರುತ್ತದೆ ಅಂತ ಊರಲ್ಲಿ ಎಲ್ಲರಿಗೂ ಗೊತ್ತು.

ನೀರ್ ಸಾಬ್

ಸರ್ಕಾರ ಮನಸ್ಸು ಮಾಡಿದರೆ ಹಣ ಊರಿಗೆ ತಲುಪುತ್ತದೆ ಎನ್ನುವುದಕ್ಕೆ ನಮ್ಮ ರಾಜ್ಯದಲ್ಲೇ ಒಂದು ಹೆಸರಿದೆ. ಅಬ್ದುಲ್ ನಜೀರ್ ಸಾಬ್. ಗುಂಡ್ಲುಪೇಟೆಯವರು. 1983ರಲ್ಲಿ ಬಂದ ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಮಂತ್ರಿ ಆಗಿದ್ದರು. ಆಗ ಎಷ್ಟೋ ಹಳ್ಳಿಗಳಲ್ಲಿ ಬೇಸಿಗೆ ಬಂದರೆ ಬಾವಿ ಒಣಗುತ್ತಿತ್ತು. ಹೆಂಗಸರು ಮೈಲಿಗಟ್ಟಲೆ ನಡೆಯುತ್ತಿದ್ದರು. ನಜೀರ್ ಸಾಬರು ಊರೂರಿಗೆ ಕೊಳವೆ ಬಾವಿ ಕೊರೆಸಿದರು. ಜನ ಅವರನ್ನು ನೀರ್ ಸಾಬ್ ಎಂದೇ ಕರೆದರು. ಹಳಬರನ್ನು ಕೇಳಿ, ಈಗಲೂ ಹೇಳುತ್ತಾರೆ.

ಅವರು ಇನ್ನೊಂದು ಕೆಲಸವನ್ನೂ ಮಾಡಿದರು. ಬೆಂಗಳೂರಿನಲ್ಲಿದ್ದ ಅಧಿಕಾರವನ್ನು ಊರ ಕಡೆ ತಂದರು. 1983ರ ಕಾಯಿದೆಯ ಪ್ರಕಾರ 1987ರಲ್ಲಿ ಪಂಚಾಯ್ತಿ ಚುನಾವಣೆ ನಡೆಯಿತು. ಅದರಲ್ಲಿ 100ಕ್ಕೆ 25 ಸ್ಥಾನ ಹೆಂಗಸರಿಗೆ. 1988ರಲ್ಲಿ ನಜೀರ್ ಸಾಬರು ತೀರಿಕೊಂಡರು. ಮೈಸೂರಿನಲ್ಲಿ ಪಂಚಾಯ್ತಿ ಸದಸ್ಯರಿಗೆ ತರಬೇತಿ ಕೊಡುವ ಸಂಸ್ಥೆಗೆ ಅವರ ಹೆಸರನ್ನೇ ಇಟ್ಟಿದ್ದಾರೆ.

1993ರಲ್ಲಿ ಇಡೀ ದೇಶಕ್ಕೆ ಪಂಚಾಯ್ತಿ ಕಾನೂನು ಬಂತು. ಸಂವಿಧಾನದಲ್ಲಿ ಪಂಚಾಯ್ತಿಯ 29 ವಿಷಯಗಳ ಪಟ್ಟಿ ಸೇರಿತು. ಕುಡಿಯುವ ನೀರು ಆ ಪಟ್ಟಿಯಲ್ಲಿದೆ. 2010ರಲ್ಲಿ ಕರ್ನಾಟಕ ಪಂಚಾಯ್ತಿಗಳಲ್ಲಿ ಹೆಂಗಸರ ಪಾಲನ್ನು ಅರ್ಧಕ್ಕೆ ಏರಿಸಿತು. ಅಂದರೆ ನೀರಿನ ಲೆಕ್ಕ ನೋಡುವ ಕುರ್ಚಿಗಳಲ್ಲಿ ಅರ್ಧ ನಮ್ಮವು.

ನಲ್ಲಿ ಬಂತು, ನೀರು?

2019ರ ಆಗಸ್ಟ್ 15ರಂದು ಜಲ ಜೀವನ್ ಮಿಷನ್ ಘೋಷಣೆ ಆಯಿತು. ಹಳ್ಳಿಯ ಪ್ರತಿ ಮನೆಗೂ ನಲ್ಲಿ ಹಾಕುವುದು ಇದರ ಕೆಲಸ. ನಮ್ಮ ರಾಜ್ಯದಲ್ಲಿ ಇದನ್ನು 'ಮನೆ ಮನೆಗೆ ಗಂಗೆ' ಎಂದು ಕರೆದರು. ಖರ್ಚಿನಲ್ಲಿ ಅರ್ಧ ಕೇಂದ್ರದ್ದು, ಅರ್ಧ ರಾಜ್ಯದ್ದು. ರಾಜ್ಯದ ಅರ್ಧ ಬರುವುದು ನಾವು ಮೇಲೆ ಓದಿದ ಬಜೆಟ್ಟಿನಿಂದ. ಯೋಜನೆ ಶುರುವಾದಾಗ ಕರ್ನಾಟಕದ ಹಳ್ಳಿಮನೆಗಳಲ್ಲಿ ಸುಮಾರು ಕಾಲು ಭಾಗಕ್ಕೆ ಮಾತ್ರ ನಲ್ಲಿ ಇತ್ತು. ಆಮೇಲೆ ಬಹಳ ಮನೆಗಳಿಗೆ ನಲ್ಲಿ ಬಂತು. ಇದು ಸಣ್ಣ ಮಾತಲ್ಲ.

ಈ ಯೋಜನೆಯಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಕೊಡಬೇಕು ಎಂದಿದೆ. ಮನೆಯಲ್ಲಿ 5 ಜನ ಇದ್ದರೆ 275 ಲೀಟರ್. ಒಂದು ಕೊಡಕ್ಕೆ 15 ಲೀಟರ್ ಹಿಡಿದರೆ 18 ಕೊಡ. ನಿಮ್ಮ ನಲ್ಲಿಯಲ್ಲಿ ದಿನಕ್ಕೆ 18 ಕೊಡ ಬರುತ್ತದೆಯೇ?

ಒಂದು ಮನೆಯ ಅತ್ತೆ ಸೊಸೆ ಮಾತಾಡುತ್ತಿದ್ದಾರೆ ಅಂದುಕೊಳ್ಳಿ. ಕೇಳಿ.

ಸೊಸೆ: ಅತ್ತೆ, ನಲ್ಲಿ ಹಾಕಿ ಎರಡು ವರ್ಷ ಆಯ್ತು. ವಾರಕ್ಕೆ ಎರಡು ದಿನ ನೀರು ಬಂದ್ರೆ ಹೆಚ್ಚು.

ಅತ್ತೆ: ಹೂಂ ಕಣಮ್ಮ. ಬಟ್ಟೆ ಒಣಗಿಹಾಕೋಕೆ ಚೆನ್ನಾಗಿದೆ ನಲ್ಲಿ ಕಂಬ.

ಸೊಸೆ: ಮೋಟಾರು ಸುಟ್ಟುಹೋಗಿದೆಯಂತೆ. ರಿಪೇರಿಗೆ ದುಡ್ಡಿಲ್ವಂತೆ.

ಅತ್ತೆ: ಪೈಪು ಹಾಕೋಕೆ ಅಷ್ಟೊಂದು ದುಡ್ಡು ಇತ್ತು. ಮೋಟಾರಿಗೆ ಇಲ್ವಾ?

ಸೊಸೆ: ಅದು ಬೇರೆ ದುಡ್ಡಂತೆ ಅತ್ತೆ. ಇದು ಬೇರೆ ದುಡ್ಡಂತೆ.

ಅತ್ತೆ: ದುಡ್ಡಿಗೂ ಜಾತಿ ಇದೆಯಾ!

ಅತ್ತೆ ನಕ್ಕು ಹೇಳಿದರೂ ಮಾತು ನಿಜ. ದುಡ್ಡಿನಲ್ಲಿ ಎರಡು ಬಗೆ. ಒಂದು ಕಟ್ಟುವ ದುಡ್ಡು. ಟ್ಯಾಂಕು ಕಟ್ಟಲು, ಪೈಪು ಹಾಕಲು, ಬೋರು ಕೊರೆಯಲು. ಇದು ಯೋಜನೆಯಲ್ಲಿ ಬರುತ್ತದೆ. ಇನ್ನೊಂದು ನಡೆಸುವ ದುಡ್ಡು. ಕರೆಂಟು ಬಿಲ್ಲು, ನೀರುಗಂಟಿಯ ಸಂಬಳ, ಮೋಟಾರು ರಿಪೇರಿ, ಒಡೆದ ವಾಲ್ವು, ಟ್ಯಾಂಕು ತೊಳೆಯುವುದು. ಇದನ್ನು ಹೆಚ್ಚಾಗಿ ಪಂಚಾಯ್ತಿಯೇ ಹೊಂದಿಸಬೇಕು. ಕಟ್ಟುವ ದುಡ್ಡಿಗೆ ಪೂಜೆ ಉಂಟು, ಹಾರ ಉಂಟು, ಫೋಟೋ ಉಂಟು. ವಾಲ್ವು ಬದಲಿಸಿದವರಿಗೆ ಯಾರೂ ಹಾರ ಹಾಕುವುದಿಲ್ಲ. ಅದಕ್ಕೇ ನಡೆಸುವ ದುಡ್ಡನ್ನು ಎಲ್ಲರೂ ಮರೆಯುತ್ತಾರೆ. ನೀರು ನಿಲ್ಲುವುದು ಬಹಳ ಸಲ ಇಲ್ಲೇ.

ನಡೆಸುವ ದುಡ್ಡು ಪಂಚಾಯ್ತಿಗೆ ಎಲ್ಲಿಂದ ಬರುತ್ತದೆ? ಒಂದು, ನಾವು ಕಟ್ಟುವ ನೀರಿನ ಕರ. ಎರಡು, ಹಣಕಾಸು ಆಯೋಗದ ಅನುದಾನ. 2021ರ ಏಪ್ರಿಲ್‌ನಿಂದ 2026ರ ಮಾರ್ಚ್‌ವರೆಗೆ 15ನೇ ಹಣಕಾಸು ಆಯೋಗದ ಹಣಕ್ಕೆ ಒಂದು ಕಟ್ಟುಪಾಡು ಇತ್ತು. 100 ರೂಪಾಯಿ ಬಂದರೆ 60 ರೂಪಾಯಿಯನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಬಳಸಬೇಕು. ಬೇರೆಯದಕ್ಕೆ ಬಳಸುವಂತಿಲ್ಲ. ಆ ಐದು ವರ್ಷದಲ್ಲಿ ನಿಮ್ಮ ಪಂಚಾಯ್ತಿಗೆ ಎಷ್ಟು ಬಂತು? ನೀರಿಗೆ ಎಷ್ಟು ಹೋಯಿತು? ಇದು ಕೇಳಬಹುದಾದ ಪ್ರಶ್ನೆ. ಕೇಳಲೇಬೇಕಾದ ಪ್ರಶ್ನೆ.

"ನೀರೇ ಬರಲ್ಲ, ಕರ ಯಾಕೆ ಕಟ್ಟಬೇಕು?" ಎಂದು ಹಲವರು ಹೇಳುತ್ತಾರೆ. ಸಿಟ್ಟು ಸರಿಯಾದದ್ದೇ. ಆದರೆ ಕರ ನಿಂತರೆ ಮೋಟಾರೂ ನಿಲ್ಲುತ್ತದೆ. ಕರ ಕಟ್ಟಿ, ರಸೀದಿ ಇಟ್ಟುಕೊಂಡು ಕೇಳುವುದು ಮೇಲು.

ಬೋರಿಗೆ ನೀರು ಎಲ್ಲಿಂದ?

ನೀರ್ ಸಾಬರ ಕಾಲದಲ್ಲಿ ಬೋರಿನಲ್ಲಿ ನೀರು ಬೇಗ ಸಿಗುತ್ತಿತ್ತು. ಈಗ ಎಷ್ಟೋ ಕಡೆ ಸಾವಿರ ಅಡಿ ಕೊರೆದರೂ ಧೂಳು. ಬೋರು ನೀರನ್ನು ತೆಗೆಯುತ್ತದೆ, ತುಂಬುವುದಿಲ್ಲ. ತುಂಬುವುದು ಮಳೆ ಮತ್ತು ಕೆರೆ. ಕೆರೆಯಲ್ಲಿ ಹೂಳು ತುಂಬಿದರೆ, ಕಾಲುವೆ ಮುಚ್ಚಿದರೆ, ಅಂಗಳ ಒತ್ತುವರಿ ಆದರೆ, ನಲ್ಲಿಗೆ ಹಾಕಿದ ಕೋಟಿ ರೂಪಾಯಿಯೂ ಒಣಗುತ್ತದೆ. ಆದ್ದರಿಂದ ಬಜೆಟ್ಟಿನಲ್ಲಿ ನೀರಿನ ಸಾಲನ್ನು ಮಾತ್ರ ನೋಡಿದರೆ ಸಾಲದು. ಕೆರೆಯ ಸಾಲನ್ನೂ, ಕಾಡಿನ ಸಾಲನ್ನೂ ನೋಡಬೇಕು.

ನಿಮ್ಮೂರ ಕೆರೆ ಯಾರದು ಗೊತ್ತೇ? ಕೆರೆಯ ಅಚ್ಚುಕಟ್ಟು 40 ಹೆಕ್ಟೇರ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅದು ಪಂಚಾಯ್ತಿಗಳ ಕಡೆಗೆ ಬರುತ್ತದೆ. 40 ಹೆಕ್ಟೇರ್ ಅಂದರೆ ಸುಮಾರು 100 ಎಕರೆ. ಅದಕ್ಕಿಂತ ದೊಡ್ಡ ಕೆರೆಯನ್ನು ಸಣ್ಣ ನೀರಾವರಿ ಇಲಾಖೆ ನೋಡಿಕೊಳ್ಳುತ್ತದೆ. ಇದು ಗೊತ್ತಿಲ್ಲದೆ ಅರ್ಜಿ ಹಿಡಿದು ತಪ್ಪು ಬಾಗಿಲಿಗೆ ಹೋದರೆ "ನಮಗೆ ಬರಲ್ಲ" ಅಂತ ಕಳಿಸುತ್ತಾರೆ. ಒಂದು ದಿನದ ಕೂಲಿಯೂ ಹೋಯಿತು.

ಕೋಲಾರದ ಕಥೆ ಕೇಳಿ. ಆ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಇಲ್ಲ. ಕೆರೆಗಳು ಬಹಳ, ಆದರೆ ಒಣಗಿದ್ದವು. ರಾಜ್ಯ ಸರ್ಕಾರ ಒಂದು ದೊಡ್ಡ ಯೋಜನೆಗೆ ಹಣ ಕೊಟ್ಟಿತು. ಹೆಸರು ಕೆ.ಸಿ. ವ್ಯಾಲಿ. ಬೆಂಗಳೂರಿನವರು ಬಳಸಿ ಬಿಟ್ಟ ನೀರನ್ನು ಎರಡು ಹಂತದಲ್ಲಿ ಶುದ್ಧ ಮಾಡಿ, ಪೈಪಿನಲ್ಲಿ ತಂದು, ಆ ಕಡೆಯ 126 ಕೆರೆ ತುಂಬಿಸುವ ಯೋಜನೆ ಅದು. 2018ರಲ್ಲಿ ನೀರು ಹರಿಯತೊಡಗಿತು. ಒಣಗಿದ್ದ ಕೆರೆಗಳು ಕೋಡಿ ಬಿದ್ದವು. ಸುತ್ತಲಿನ ಬೋರುಗಳಲ್ಲಿ ನೀರು ಮೇಲೆ ಬಂತು. ಆ ನೀರು ನೇರವಾಗಿ ಕುಡಿಯಲು ಅಲ್ಲ. ಭೂಮಿಗೆ ಇಂಗಲು. "ಎರಡು ಹಂತ ಸಾಲದು, ಮೂರನೇ ಹಂತದ ಶುದ್ಧೀಕರಣವೂ ಬೇಕು" ಎಂದು ಅಲ್ಲಿನ ಜನ ಕೇಳುತ್ತ ಬಂದಿದ್ದಾರೆ. ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ನೀರು ಬಂದದ್ದು ಸಂತೋಷ. ಎಂಥ ನೀರು ಎಂದು ಕೇಳುವುದೂ ನ್ಯಾಯವೇ.

ಕಣ್ಣಿಗೆ ಕಾಣದ ವಿಷ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಗದಗ, ರಾಯಚೂರು ಜಿಲ್ಲೆಗಳ ಹಲವು ಊರುಗಳ ಬೋರಿನ ನೀರಿನಲ್ಲಿ ಫ್ಲೋರೈಡ್ ಇದೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು. ದಾಟಿದರೆ ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ. ವರ್ಷಗಟ್ಟಲೆ ಕುಡಿದರೆ ಮೂಳೆ ಬಿಗಿಯುತ್ತದೆ, ಬೆನ್ನು ಬಾಗುತ್ತದೆ. ನೀರು ನೋಡಲು ತಿಳಿಯಾಗೇ ಇರುತ್ತದೆ. ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ.

ಇದಕ್ಕಾಗಿ ಸರ್ಕಾರ ಊರುಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಇಟ್ಟಿತು. ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ಒಳ್ಳೆಯ ಕೆಲಸ. ಆದರೆ ಎಷ್ಟೋ ಘಟಕ ಕೆಟ್ಟು ನಿಂತಿವೆ. ಕಾರಣ ಮತ್ತೆ ಅದೇ, ನಡೆಸುವ ದುಡ್ಡು. ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಊರಿನ 5 ಜನ ಹೆಂಗಸರಿಗೆ ನೀರು ಪರೀಕ್ಷೆ ಮಾಡುವ ತರಬೇತಿ ಕೊಡಬೇಕು, ಪೆಟ್ಟಿಗೆ ಕೊಡಬೇಕು ಎಂದಿದೆ. ನಿಮ್ಮೂರಲ್ಲಿ ಆ ಐವರು ಯಾರು? ಪೆಟ್ಟಿಗೆ ಎಲ್ಲಿದೆ?

ಕೇಳುವ ಜಾಗ

ಇಷ್ಟೆಲ್ಲ ಕೇಳಲು ವಿಧಾನಸೌಧಕ್ಕೆ ಹೋಗಬೇಕಾಗಿಲ್ಲ. ಆರು ತಿಂಗಳಿಗೆ ಒಂದು ಸಲವಾದರೂ ಗ್ರಾಮಸಭೆ ನಡೆಯಬೇಕು. ಓಟಿನ ಪಟ್ಟಿಯಲ್ಲಿ ಹೆಸರಿರುವ ಎಲ್ಲರೂ ಅದರ ಸದಸ್ಯರೇ. ಪಂಚಾಯ್ತಿಯೂ ಮಾರ್ಚಿಯೊಳಗೆ ತನ್ನದೇ ಒಂದು ಸಣ್ಣ ಬಜೆಟ್ ಮಾಡುತ್ತದೆ. ಅದರಲ್ಲಿ ಮೋಟಾರು ರಿಪೇರಿಗೆ ಎಷ್ಟು ಬರೆದಿದ್ದಾರೆ ಎಂದು ಫೆಬ್ರುವರಿಯಲ್ಲೇ ಕೇಳಿ. ಏಪ್ರಿಲ್‌ನಲ್ಲಿ ನೀರು ನಿಂತ ಮೇಲೆ ಕೇಳಿದರೆ ತಡವಾಯಿತು. ವರ್ಷಕ್ಕೊಮ್ಮೆ ಜಮಾಬಂದಿ ನಡೆಯುತ್ತದೆ. ಅವತ್ತು ಪಂಚಾಯ್ತಿಯ ಲೆಕ್ಕವನ್ನು, ಮಾಡಿದ ಕೆಲಸವನ್ನು ಎಲ್ಲರೂ ನೋಡಬಹುದು.

ಸಭೆಯಲ್ಲಿ ಗಂಡಸರೇ ತುಂಬಿರುತ್ತಾರೆ, ಮಾತಾಡಲು ಅಂಜಿಕೆ ಆಗುತ್ತದೆ ಅಂತೀರಾ? ಸಂಘದ ಹತ್ತು ಜನ ಒಟ್ಟಿಗೆ ಹೋಗಿ. ಪ್ರಶ್ನೆಗಳನ್ನು ಹಾಳೆಯಲ್ಲಿ ಬರೆದುಕೊಳ್ಳಿ. ಒಬ್ಬರು ಎದ್ದು ಓದಿದರೆ ಸಾಕು. ಬಾಯಿ ಮಾತಿಗೆ "ನೋಡೋಣ" ಅಂತಾರೆ. ಬರೆದ ಅರ್ಜಿಗೆ ಸ್ವೀಕೃತಿ ಕೊಡಬೇಕು.

ಅಲ್ಲೂ ಉತ್ತರ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆ ಇದೆ. ಅರ್ಜಿಗೆ 10 ರೂಪಾಯಿ ಶುಲ್ಕ. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು.

ಗ್ರಾಮಸಭೆಗೆ ಕೊಡುವ ಅರ್ಜಿ ಹೀಗಿರಲಿ. ಚುಕ್ಕಿ ಇರುವಲ್ಲಿ ನೀವೇ ತುಂಬಿ.

ಇವರಿಗೆ,
ಅಧ್ಯಕ್ಷರು ಮತ್ತು ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಗಳು,
................ ಗ್ರಾಮ ಪಂಚಾಯ್ತಿ.

ಮಾನ್ಯರೇ,
ನಮ್ಮ ................ ಊರಿನ ನಲ್ಲಿಗಳಲ್ಲಿ ವಾರಕ್ಕೆ ........ ದಿನ ಮಾತ್ರ ನೀರು ಬರುತ್ತಿದೆ. ಈ ವರ್ಷ ನಮ್ಮೂರಿನ ಕುಡಿಯುವ ನೀರಿಗೆ ಎಷ್ಟು ಹಣ ಬಂದಿದೆ, ಎಷ್ಟು ಖರ್ಚಾಗಿದೆ, ರಿಪೇರಿಗೆ ಎಷ್ಟು ಇಡಲಾಗಿದೆ ಎಂದು ಗ್ರಾಮಸಭೆಯಲ್ಲಿ ಓದಿ ಹೇಳಬೇಕು. ನೀರಿನ ಪರೀಕ್ಷೆ ಕಡೆಯ ಸಲ ಯಾವಾಗ ಆಯಿತು ಎಂದೂ ತಿಳಿಸಬೇಕು. ನಮ್ಮ ಮಾತನ್ನು ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಯಬೇಕೆಂದು ಕೋರುತ್ತೇವೆ.

ಇಂತಿ,
(ಎಲ್ಲರ ಸಹಿ. ಹೆಬ್ಬೆಟ್ಟು ಬೇಡ.)

ಅಭ್ಯಾಸ

ಆಯ, ವ್ಯಯ, ಅನುದಾನ, ಬೇಡಿಕೆ, ಜಮಾಬಂದಿ. ಈ ಪದಗಳನ್ನು ಎರಡೆರಡು ಸಲ ಬರೆಯಿರಿ. ಅರ್ಥವನ್ನು ಪಕ್ಕದವರಿಗೆ ಹೇಳಿ.

ನಿಮ್ಮ ಮನೆಯಲ್ಲಿ ಎಷ್ಟು ಜನ? ಒಬ್ಬರಿಗೆ 55 ಲೀಟರ್‌ನಂತೆ ದಿನಕ್ಕೆ ಎಷ್ಟು ಲೀಟರ್ ಬರಬೇಕು? ಎಷ್ಟು ಕೊಡ ಆಯಿತು?

ಪಂಚಾಯ್ತಿಗೆ 15ನೇ ಹಣಕಾಸು ಆಯೋಗದಿಂದ ಒಂದು ವರ್ಷ 10 ಲಕ್ಷ ರೂಪಾಯಿ ಬಂತು ಅಂದುಕೊಳ್ಳಿ. 100ಕ್ಕೆ 60ರಂತೆ ನೀರು ಮತ್ತು ನೈರ್ಮಲ್ಯಕ್ಕೆ ಎಷ್ಟು ಹೋಗಬೇಕಿತ್ತು?

ನಿಮ್ಮೂರ ಕೆರೆಯ ಹೆಸರು ಬರೆಯಿರಿ. ಅದರ ಅಚ್ಚುಕಟ್ಟು ಎಷ್ಟು ಎಕರೆ ಎಂದು ಹಿರಿಯರನ್ನು ಕೇಳಿ ಬರೆಯಿರಿ. ಆ ಕೆರೆಯ ಅರ್ಜಿಯನ್ನು ಯಾವ ಕಚೇರಿಗೆ ಕೊಡಬೇಕು?